ಎಡಗಾಲಿನ ಅಳತೆ

ನನ್ನ ಎಲ್ಲ ಚೂಡಿದಾರ್ ಪ್ಯಾಂಟುಗಳ ಎಡಗಾಲು ಬಲಗಾಲಿಗಿಂತ ಎರಡೂವರೆ ಇಂಚು ಅಗಲ. ಹೊಲಿದವಳು ನಾನೇ. ಮೇಲುನೋಟಕ್ಕೆ ಗೊತ್ತಾಗುವುದಿಲ್ಲ, ಹೆಚ್ಚಿನ ಬಟ್ಟೆಯನ್ನೆಲ್ಲ ಒಳಮಗ್ಗುಲಿನ ನೆರಿಗೆಗೆ ಸೇರಿಸಿದ್ದೇನೆ. ಮಂಡಿಯ ಹತ್ತಿರ ಹೊರಗಡೆಗೆ ಜೇಬಿನ ಹಾಗೆ ಕಾಣುವ ಒಂದು ಸೀಳು ಇದೆ. ಕೂರಬೇಕಾದರೆ ಅಲ್ಲಿಂದ ಕೈ ತೂರಿಸಿ ಕ್ಯಾಲಿಪರಿನ ಲಾಕ್ ಎತ್ತಬೇಕು.

ಕ್ಯಾಲಿಪರ್ ನೋಡಿಲ್ಲದವರಿಗೆ ಹೇಳಿಬಿಡುತ್ತೇನೆ. ತೊಡೆಯಿಂದ ಪಾದದವರೆಗೆ ಕಾಲಿನ ಎರಡೂ ಬದಿಗೆ ಕಬ್ಬಿಣದ ಪಟ್ಟಿ. ಅವನ್ನು ಹಿಡಿದುಕೊಳ್ಳಲು ಅಲ್ಲಲ್ಲಿ ಚರ್ಮದ ಬೆಲ್ಟು. ಕೊನೆಗೆ ಒಂದು ಕಂದು ಬೂಟು, ಪಟ್ಟಿಗಳ ತುದಿ ಅದರ ಹಿಮ್ಮಡಿಯೊಳಗೆ ಸಿಕ್ಕಿಕೊಂಡಿರುತ್ತದೆ. ಮಂಡಿಯ ಹತ್ತಿರ ಕೀಲು. ಎದ್ದು ನಿಂತು ಕಾಲು ನೆಟ್ಟಗೆ ಮಾಡಿದರೆ ಎರಡು ರಿಂಗುಗಳು ಟಕ್ ಅಂತ ಕೆಳಗೆ ಜಾರಿ ಕೀಲನ್ನು ಬಿಗಿಯುತ್ತವೆ. ಆಗ ಮಂಡಿ ಮಡಚುವುದಿಲ್ಲ, ನಾನು ಬೀಳುವುದಿಲ್ಲ. ಅಷ್ಟೇ ಅದರ ಕೆಲಸ. ಅದಿಲ್ಲದಿದ್ದರೆ ಎಡಗೈಯನ್ನು ತೊಡೆಯ ಮೇಲೆ ಒತ್ತಿಟ್ಟುಕೊಂಡು ನಡೆಯುತ್ತೇನೆ. ಕೈ ತೆಗೆದರೆ ಮಂಡಿ ಕುಸಿಯುತ್ತದೆ.

ಹೋದ ಆಷಾಢದಲ್ಲಿ ಒಂದು ದಿನ ಅಂಗಡಿಯಲ್ಲಿ ಲೈನಿಂಗ್ ಬಟ್ಟೆ ಕತ್ತರಿಸುತ್ತಾ ನಿಂತಿದ್ದೆ. ಟಕ್ ಅಂದಿದ್ದು ಕೇಳಿಸಿತ್ತು, ಅದನ್ನೇ ನಂಬಿಕೊಂಡಿದ್ದೆ. ಒಳಗಡೆಯ ರಿಂಗು ಅರ್ಧಕ್ಕೇ ನಿಂತಿತ್ತಂತೆ. ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಕೆಳಗೆ ಬಿದ್ದೆ. ಎದುರಿಗಿದ್ದ ಗಿರಾಕಿ ಹೆಂಗಸು ಕಿರುಚಿದ್ದಕ್ಕೆ ಪಕ್ಕದ ಮೆಡಿಕಲ್ ಅಂಗಡಿಯವರೆಲ್ಲ ಓಡಿ ಬಂದರು. ಪೆಟ್ಟೇನೂ ಆಗಲಿಲ್ಲ. ಆದರೆ ಮೂರು ಜನ ಗಂಡಸರು ಸೇರಿ ಎತ್ತಿ ಕೂರಿಸಿದಾಗ ಆದ ಮುಜುಗರ ಇತ್ತಲ್ಲ, ಅದಕ್ಕಿಂತ ಮೊಣಕೈ ತರಚಿದ್ದರೇ ವಾಸಿ ಅನ್ನಿಸಿತು. ನಾನೇ ಎದ್ದೇಳುತ್ತೇನೆ, ನನಗೊಂದು ವಿಧಾನ ಇದೆ ಅಂತ ಹೇಳುವಷ್ಟರಲ್ಲಿ ಎತ್ತಿಯೇ ಬಿಟ್ಟಿದ್ದರು.

ಮೊದಲು ಹೋಗಿದ್ದು ವೆಲ್ಡಿಂಗ್ ಅಂಗಡಿಗೆ. ಟ್ರ್ಯಾಕ್ಟರ್ ಟ್ರೈಲರ್ ರಿಪೇರಿ ಮಾಡುವವರು, ನನ್ನ ಕ್ಯಾಲಿಪರಿಗೂ ಎರಡು ಸಲ ಬೆಸುಗೆ ಹಾಕಿಕೊಟ್ಟಿದ್ದರು. ಈ ಸಲ ತಿರುಗಿಸಿ ತಿರುಗಿಸಿ ನೋಡಿ, "ಅಕ್ಕಾ, ಇನ್ನು ಬೆಸುಗೆ ಹಾಕಕ್ಕೆ ಇದ್ರಲ್ಲಿ ಕಬ್ಣನೇ ಉಳ್ದಿಲ್ಲ" ಅಂದರು. ಹನ್ನೆರಡು ವರ್ಷ ಸವೆಸಿದ್ದೆ.

ನಾನು ಹುಟ್ಟಿದ್ದು 1981ರಲ್ಲಿ, ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ. ಒಂದೂವರೆ ವರ್ಷಕ್ಕೆ ಜ್ವರ ಬಂತು, ಸೂಜಿ ಹಾಕಿಸಿದರು, ಬೆಳಗಾಗುವಷ್ಟರಲ್ಲಿ ಎಡಗಾಲು ಸೋತಿತ್ತು. ಸೂಜಿ ಹಾಕಿದವನನ್ನು ಅವ್ವ ಇವತ್ತಿಗೂ ಬೈಯುತ್ತಾಳೆ. ಕಾರಣ ಪೋಲಿಯೋ ವೈರಸ್. ಆದರೆ ಆ ವೈರಸ್ ಮೈಯಲ್ಲಿರುವಾಗ ಸ್ನಾಯುವಿಗೆ ಸೂಜಿ ಚುಚ್ಚಿದರೆ ಆ ಕಾಲೋ ಕೈಯೋ ಸೋಲುವ ಸಾಧ್ಯತೆ ಜಾಸ್ತಿ ಅಂತ ವೈದ್ಯರೇ ಹೇಳುತ್ತಾರೆ. ಅವ್ವನ ಬೈಗುಳ ಪೂರ್ತಿ ದಂಡವೇನೂ ಅಲ್ಲ. ದೇಶದಲ್ಲಿ ಎಲ್ಲ ಮಕ್ಕಳಿಗೂ ಲಸಿಕೆ ಅನ್ನುವ ಕಾರ್ಯಕ್ರಮ ಶುರುವಾಗಿದ್ದು 1985ರಲ್ಲಿ. ಪಲ್ಸ್ ಪೋಲಿಯೋ ಬಂದಿದ್ದು 1995ರಲ್ಲಿ, ನಾನು ಆಗ ಹೈಸ್ಕೂಲು. ಎರಡು ಹನಿ ಹಾಕಿಸಿ ಅಂತ ಬೀದಿಯಲ್ಲಿ ಮೈಕ್ ಕಟ್ಟಿಕೊಂಡು ಕೂಗುವಾಗ ನಮ್ಮ ಮೇಷ್ಟ್ರೊಬ್ಬರು ನನ್ನನ್ನು ಜಾಥಾದ ಮುಂದೆ ನಿಲ್ಲಿಸಿದ್ದರು. ಹನಿ ಹಾಕಿಸದಿದ್ದರೆ ಏನಾಗುತ್ತದೆ ಅಂತ ತೋರಿಸಲಿಕ್ಕೆ. ಅವರಿಗೆ ಕೆಟ್ಟ ಮನಸ್ಸು ಇರಲಿಲ್ಲ. ಆದರೂ ಆ ದಿನದ ಬಿಸಿಲು ನನಗೆ ನೆನಪಿದೆ.

ಆ ಕಾಲಕ್ಕೆ ಪೋಲಿಯೋ ಆದ ಗಂಡುಮಕ್ಕಳಿಗೆ ಎಸ್‌ಟಿಡಿ ಬೂತು, ಹೆಣ್ಣುಮಕ್ಕಳಿಗೆ ಟೈಲರಿಂಗ್. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಹಾಗೇ ನಡೆದುಕೊಂಡು ಬಂದಿತ್ತು. ಬೂತುಗಳೆಲ್ಲ ಮುಚ್ಚಿದವು. ಬ್ಲೌಸ್ ಮಾತ್ರ ಹೆಂಗಸರು ಇನ್ನೂ ಹೊಲಿಸುತ್ತಾರೆ, ಹಾಗಾಗಿ ನಾವು ಬಚಾವಾದೆವು. ಬಲಗಾಲಲ್ಲೇ ತುಳಿದು ಕಲಿತೆ, ಆಮೇಲೆ ಮಷೀನಿಗೆ ಮೋಟರ್ ಹಾಕಿಸಿದೆ. ಈಗ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನ ಅಂಗಡಿ. ವಿಳಾಸ ಕೇಳಿದರೆ ಜನ "ಕಾಲಿಲ್ದಿರೋ ಟೈಲರಮ್ಮನ ಅಂಗ್ಡಿ" ಅನ್ನುತ್ತಾರೆ. ಎರಡು ಕಾಲೂ ಇದೆ ಕಣ್ರೀ ಅಂತ ಯಾರಿಗೆ ಅಂತ ಹೇಳುವುದು?

ಕಾಗದದಲ್ಲೂ ನನ್ನ ಹೆಸರು ಬದಲಾಗುತ್ತಲೇ ಬಂದಿದೆ. ಹಳೇ ಸರ್ಟಿಫಿಕೇಟಿನಲ್ಲಿ ಅಂಗವಿಕಲೆ. ಆಮೇಲೆ ವಿಕಲಚೇತನೆ. ಈಗ ವಿಶೇಷಚೇತನೆ, ಕೆಲವು ಕಡೆ ದಿವ್ಯಾಂಗ. ದಿವ್ಯ ಅನ್ನಿಸಿಕೊಳ್ಳುವಂಥದ್ದು ನನ್ನ ಎಡಗಾಲಿನಲ್ಲಿ ಏನಿದೆಯೋ ನನಗಂತೂ ಕಂಡಿಲ್ಲ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ ಅದು 21 ಆಯಿತು. ಈಗಿರುವ ಯುಡಿಐಡಿ, ಅಂದರೆ ಅಂಗವೈಕಲ್ಯದ ಗುರುತಿನ ಕಾರ್ಡಿಗೆ ಬಣ್ಣವೂ ಇದೆ. ಶೇಕಡಾ 40ಕ್ಕಿಂತ ಕಮ್ಮಿ ಇದ್ದರೆ ಬಿಳಿ, 80 ದಾಟಿದರೆ ನೀಲಿ, ನಡುವಿನವರಿಗೆ ಹಳದಿ. ನನ್ನದು ಹಳದಿ, ಶೇಕಡಾ 60. ಇಷ್ಟೆಲ್ಲ ಅಳೆದವರು ಕಾಲಿನ ಬಲ ನೋಡುತ್ತಾರೆ, ಮಂಡಿ ಎಷ್ಟು ಮಡಚುತ್ತದೆ ನೋಡುತ್ತಾರೆ. ದಿನಕ್ಕೆ ಎಷ್ಟು ಬ್ಲೌಸ್ ಹೊಲಿಯುತ್ತೀಯ, ಬಚ್ಚಲಿಗೆ ಹೇಗೆ ಹೋಗುತ್ತೀಯ ಅಂತ ಒಬ್ಬರೂ ಕೇಳಿದ್ದಿಲ್ಲ.

ಹಳೇ ಕ್ಯಾಲಿಪರ್ ಬಂದಿದ್ದು ಒಂದು ಉಚಿತ ಶಿಬಿರದಲ್ಲಿ. ಶಾಮಿಯಾನದ ಕೆಳಗೆ ಇನ್ನೂರು ಜನ. ಸೀರೆಯ ಮೇಲೇ ಟೇಪು ಹಿಡಿದು ಎರಡು ನಿಮಿಷದಲ್ಲಿ ಅಳತೆ ಮುಗಿಸಿದರು. ನಾನು ಬ್ಲೌಸಿಗೆ ಹಾಗೆ ಅಳತೆ ತೆಗೆದರೆ ಗಿರಾಕಿ ಇನ್ನೊಂದು ಸಲ ಮೆಟ್ಟಿಲು ಹತ್ತುವುದಿಲ್ಲ! ಕೊಡುವ ದಿನ ವೇದಿಕೆ, ಹಾರ, ಫೋಟೋ. ಮನೆಗೆ ತಂದು ಹಾಕಿ ನೋಡಿದರೆ ಒಂದು ಇಂಚು ಉದ್ದ. ಮೇಲಿನ ಪಟ್ಟಿ ತೊಡೆಸಂದಿಗೆ ಒತ್ತಿ ಗಾಯ. ವಾಪಸ್ ಮಾಡುವುದು ಯಾರಿಗೆ, ಶಾಮಿಯಾನ ಬಿಚ್ಚಿಕೊಂಡು ಹೋಗಿ ಎಷ್ಟೋ ದಿನ ಆಗಿತ್ತು. ಆಗಲೂ ಅದೇ ವೆಲ್ಡಿಂಗ್ ಅಂಗಡಿಯವರೇ ಕತ್ತರಿಸಿ ಕೊಟ್ಟಿದ್ದು.

ಈ ಸಲ ದುಡ್ಡು ಕೊಟ್ಟೇ ಮಾಡಿಸಬೇಕು ಅಂತ ತೀರ್ಮಾನ ಮಾಡಿದೆ. ಮೊದಲು ಆಸ್ಪತ್ರೆಗೆ ತೋರಿಸಿದೆ. ಚಿಕ್ಕ ವಯಸ್ಸಿನ ಡಾಕ್ಟರ್, ಕಾಲು ನೋಡಿದವರೇ "ಒಂದ್ ನಿಮಿಷ ಇರಿ" ಅಂತ ಹೋಗಿ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಬಂದರು. ಅವರು ಯಾರೂ ಪೋಲಿಯೋ ಕಾಲನ್ನು ಕೈಯಲ್ಲಿ ಮುಟ್ಟಿ ನೋಡಿರಲಿಲ್ಲವಂತೆ. ಪಾಠದಲ್ಲಿ ಓದಿದ್ದರು ಅಷ್ಟೇ. ಅದೂ ಸಹಜವೇ. ದೇಶದಲ್ಲಿ ಕೊನೆಯ ಪೋಲಿಯೋ ಕೇಸು ಸಿಕ್ಕಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗು. 2014ರ ಮಾರ್ಚಿನಲ್ಲಿ ಭಾರತ ಪೋಲಿಯೋ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಸರ್ಟಿಫಿಕೇಟ್ ಕೊಟ್ಟಿತು. ನಾವೇ ಕೊನೇ ಬ್ಯಾಚು. ಇನ್ನು ಮೂವತ್ತು ನಲವತ್ತು ವರ್ಷಕ್ಕೆ ನಾವೂ ಇರುವುದಿಲ್ಲ. ಖುಷಿಯ ವಿಷಯ, ನಿಜ. ಆದರೆ ನಮ್ಮ ಕಾಲು ಬಲ್ಲ ಡಾಕ್ಟರುಗಳು, ಕ್ಯಾಲಿಪರ್ ಮಾಡುವ ಹಳೇ ಕೈಗಳು ನಮಗಿಂತ ಮುಂಚೆಯೇ ಮುಗಿದುಹೋದರೆ ಅನ್ನುವ ಯೋಚನೆ ಬರುತ್ತದೆ.

ಆಸ್ಪತ್ರೆಯಲ್ಲಿ ಒಂದು ಒಳ್ಳೆಯದೂ ಆಯಿತು. ಎರಡು ವರ್ಷದಿಂದ ನನಗೆ ಮಧ್ಯಾಹ್ನದ ಹೊತ್ತಿಗೇ ಸುಸ್ತಾಗುತ್ತಿತ್ತು, ಒಳ್ಳೇ ಕಾಲು ಅಂದುಕೊಂಡಿದ್ದ ಬಲಗಾಲೂ ನಡುಗುತ್ತಿತ್ತು. ವಯಸ್ಸಾಯಿತು, ಸೋಂಬೇರಿತನ ಅಂತ ನನ್ನನ್ನೇ ಬೈದುಕೊಂಡಿದ್ದೆ. ಹಿರಿಯ ಡಾಕ್ಟರೊಬ್ಬರು ಬಂದು ಕೇಳಿಸಿಕೊಂಡರು. ಪೋಲಿಯೋ ಆಗಿ ಹತ್ತಾರು ವರ್ಷ ಕಳೆದ ಮೇಲೆ ಹೀಗೆ ಹೊಸದಾಗಿ ಬಲ ಕಮ್ಮಿಯಾಗುವುದುಂಟು, ಅದಕ್ಕೆ ಪೋಸ್ಟ್ ಪೋಲಿಯೋ ಸಿಂಡ್ರೋಮ್ ಅನ್ನುತ್ತಾರೆ ಎಂದರು. ಉಳಿದ ನರಗಳು ಇಷ್ಟು ವರ್ಷ ಎರಡಾಳಿನ ಕೆಲಸ ಮಾಡಿ ದಣಿದಿವೆ ಅಂತ ಬಿಡಿಸಿ ಹೇಳಿದರು. ಗುಳಿಗೆ ಏನೂ ಇಲ್ಲ. ಭಾರ ಕಮ್ಮಿ ಇರುವ ಕ್ಯಾಲಿಪರ್ ಹಾಕಿ, ನಡುನಡುವೆ ಕೂತು ದಣಿವಾರಿಸಿಕೊಳ್ಳಿ ಅಂದರು. ಸೋಂಬೇರಿತನ ಅಲ್ಲವಂತೆ ಅಂತ ಅವ್ವನಿಗೆ ಆ ರಾತ್ರಿಯೇ ಹೇಳಿದೆ.

ಕ್ಯಾಲಿಪರ್ ಮಾಡುವ ಜಾಗ ಇದ್ದಿದ್ದು ಬೆಂಗಳೂರಿನಲ್ಲಿ. ರೈಲಿಗೆ ಹೋದರೆ ನಮಗೆ ಶೇಕಡಾ 75 ರಿಯಾಯಿತಿ ಇದೆ. ಆದರೆ ಅದಕ್ಕೆ ಡಾಕ್ಟರು ಬರೆದುಕೊಡಬೇಕಾದ ಕಾಗದದಲ್ಲಿ ಜೊತೆಗೊಬ್ಬರಿಲ್ಲದೆ ಇವರು ಪ್ರಯಾಣ ಮಾಡಲಾರರು ಅಂತ ಇರಬೇಕು. ನಾನು ಇಪ್ಪತ್ತು ವರ್ಷದಿಂದ ಲೈನಿಂಗ್ ಬಟ್ಟೆ ತರಲು ಚಿಕ್ಕಪೇಟೆಗೆ ಒಬ್ಬಳೇ ಹೋಗಿ ಬರುವವಳು. ರಿಯಾಯಿತಿಗೋಸ್ಕರ ಆ ಮಾತು ಬರೆಸಿಕೊಳ್ಳಲು ಮನಸ್ಸು ಬರಲಿಲ್ಲ. ಹಾಗಂತ ಬರೆಸಿಕೊಂಡವರು ತಪ್ಪು ಮಾಡಿದರು ಅಂತ ನಾನು ಹೇಳುವುದಿಲ್ಲ. ದುಡ್ಡು ದುಡ್ಡೇ.

ಬಸ್ಸಿನದು ಇನ್ನೊಂದು ತಮಾಷೆ. ಕೆಎಸ್‌ಆರ್‌ಟಿಸಿಯಲ್ಲಿ ನಮಗೆ ವರ್ಷಕ್ಕೆ 660 ರೂಪಾಯಿಯ ಪಾಸು. ಊರಿನಿಂದ 100 ಕಿಲೋಮೀಟರಿನವರೆಗೆ ನಡೆಯುತ್ತದೆ. ನನ್ನ ಲೆಕ್ಕದಲ್ಲಿ ದಾಬಸ್‌ಪೇಟೆಯ ಆಸುಪಾಸಿಗೆ ನನ್ನ ಅಂಗವೈಕಲ್ಯ ಮುಗಿಯುತ್ತಿತ್ತು, ಅಲ್ಲಿಂದಾಚೆ ಟಿಕೆಟ್. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಅವತ್ತಿನಿಂದ ಕಂಡಕ್ಟರ್ ನನ್ನ ಪಾಸು ಕೇಳುವುದನ್ನೇ ಬಿಟ್ಟರು. "ಆಧಾರ್ ತೋರ್ಸಮ್ಮ" ಅಂತಾರೆ, ಸೊನ್ನೆ ರೂಪಾಯಿ ಟಿಕೆಟ್ ಕೊಟ್ಟು ಮುಂದೆ ಹೋಗುತ್ತಾರೆ. ಇಷ್ಟು ವರ್ಷ ಬಸ್ಸಿನಲ್ಲಿ ನಾನು ಅಂಗವಿಕಲೆ ಆಗಿದ್ದೆ. ಒಂದೇ ಬೆಳಗ್ಗೆ ಹೆಂಗಸಾದೆ, ಎಲ್ಲರ ಹಾಗೆ. ಇದು ನನಗೆ ಹೇಳಲಾಗದಷ್ಟು ಇಷ್ಟವಾಯಿತು. ಆದರೆ ಬಸ್ಸಿನ ಮೆಟ್ಟಿಲು ಅಷ್ಟೇ ಎತ್ತರ, ನೂಕುನುಗ್ಗಲು ಮೊದಲಿಗಿಂತ ಜಾಸ್ತಿ, ನಮಗೆ ಅಂತ ಬರೆದಿರುವ ಸೀಟಿನಲ್ಲಿ ಯಾರೋ ನಿದ್ದೆ ಮಾಡುತ್ತಿರುತ್ತಾರೆ.

ಜೊತೆಗೆ ನನ್ನಣ್ಣನ ಮಗಳು ಬಂದಳು. ಡಿಗ್ರಿ ಓದುತ್ತಿದ್ದಾಳೆ. ಬೇಡ ಅಂದರೂ, "ಅತ್ತೆ, ನಾನು ನಿನ್ನ ನೋಡ್ಕೊಳ್ಳೋಕೆ ಬರ್ತಿಲ್ಲ, ಬೆಂಗ್ಳೂರು ನೋಡೋಕೆ ಬರ್ತಿದೀನಿ" ಅಂದಳು. ಅದಾದರೆ ಸರಿ.

ಅಲ್ಲಿ ನನ್ನನ್ನು ನೋಡಿದ್ದು ಇಪ್ಪತ್ತೇಳು ಇಪ್ಪತ್ತೆಂಟರ ಒಬ್ಬಳು ಹುಡುಗಿ. ಕ್ಯಾಲಿಪರ್, ಕೃತಕ ಕಾಲು ಮಾಡುವುದನ್ನೇ ಓದಿಕೊಂಡು ಬಂದವಳು. ಟೇಪು ಅವಳ ಕತ್ತಿನಲ್ಲಿ ನೇತಾಡುತ್ತಿತ್ತು, ನನ್ನ ಕತ್ತಿನಲ್ಲಿ ದಿನವೂ ಇರುವ ಹಾಗೆಯೇ. ಮೊದಲು ಅವಳು ಕಾಲು ಮುಟ್ಟಲೇ ಇಲ್ಲ. ಪೆನ್ನು ಹಿಡಿದು, "ಅಕ್ಕ, ಇದನ್ನ ಹಾಕ್ಕೊಂಡು ನೀವು ಏನೇನು ಮಾಡ್ಬೇಕು ಹೇಳಿ" ಅಂದಳು.

ಉತ್ತರ ಹೊಳೆಯಲಿಲ್ಲ. ಇದೇ ಪ್ರಶ್ನೆಯನ್ನು ನಾನು ದಿನಾ ಕೇಳುತ್ತೇನೆ. ಮದುವೆಗೋ, ದಿನಬಳಕೆಗೋ, ಕೈ ಎತ್ತಿ ಕೆಲಸ ಮಾಡ್ತೀರಾ, ಮಗುಗೆ ಹಾಲು ಕೊಡ್ತೀರಾ? ಅದರ ಮೇಲೆ ಕಂಕುಳು ಎಷ್ಟು ಸಡಿಲ, ಹುಕ್ಕು ಮುಂದಕ್ಕೋ ಹಿಂದಕ್ಕೋ ಅಂತ ತೀರ್ಮಾನ. ನನ್ನನ್ನು ಯಾರೂ ಕೇಳಿರದ ಕಾರಣಕ್ಕೆ ನಾನು ಯೋಚಿಸಿಯೂ ಇರಲಿಲ್ಲ. ನಿಧಾನಕ್ಕೆ ಹೇಳುತ್ತಾ ಹೋದೆ. ಕಟಿಂಗ್ ಟೇಬಲ್ ಮುಂದೆ ಒಂದೊಂದು ಸಲ ಎರಡು ಗಂಟೆ ನಿಲ್ಲಬೇಕು. ಅಂಗಡಿಗೆ ಮೂರು ಮೆಟ್ಟಿಲು, ಹಿಡಿ ಇಲ್ಲ. ಸೀರೆ ಉಟ್ಟರೆ ನೆರಿಗೆ ರಿಂಗಿಗೆ ಸಿಕ್ಕಿಕೊಳ್ಳುತ್ತದೆ, ಅಣ್ಣನ ಗೃಹಪ್ರವೇಶದಲ್ಲಿ ರೇಷ್ಮೆ ಸೀರೆ ಪರ್ ಅಂತ ಹರಿದಿತ್ತು. ಮತ್ತೆ ಮನೆ. ಬೂಟು ಸೇರಿಕೊಂಡೇ ಇರುವುದರಿಂದ ಹೊಸ್ತಿಲಲ್ಲೇ ಕ್ಯಾಲಿಪರ್ ಬಿಚ್ಚಿಡಬೇಕು. ಆಮೇಲೆ ಮನೆಯೊಳಗೆಲ್ಲ ತೊಡೆಯ ಮೇಲೆ ಕೈ. ಒಂದು ಕೈ ಕಾಲಿಗೇ ಹೋದರೆ ಕೆಲಸಕ್ಕೆ ಉಳಿಯುವುದು ಒಂದೇ ಕೈ. ಬಿಸಿ ಸಾರಿನ ಪಾತ್ರೆಯನ್ನು ಒಲೆಯಿಂದ ನಾನು ಇಳಿಸಿದ್ದೇ ಇಲ್ಲ.

ಅವಳು ಎಲ್ಲ ಬರೆದುಕೊಂಡಳು. ಹಾಗಾದ್ರೆ ಪ್ಲಾಸ್ಟಿಕ್ಕಿಂದು ಮಾಡೋಣ ಅಂದಳು. ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕು, ಕಾಲಿನ ಅಚ್ಚಿಗೆ ಅಂಟಿದ ಹಾಗೆ ಕೂರುತ್ತದೆ. ಬೂಟು ಬೇಡ, ಪಾದದ ಕೆಳಗೂ ಅದೇ ಇರುತ್ತದೆ, ಮೇಲೆ ಯಾವ ಚಪ್ಪಲಿ ಬೇಕಾದರೂ ಹಾಕಬಹುದು. ಮಂಡಿಯ ಹತ್ತಿರ ಮಾತ್ರ ಲೋಹದ ಕೀಲು. ತೂಕ ಹಳೆಯದರ ಅರ್ಧದಷ್ಟು. ನನ್ನ ಎರಡು ತಿಂಗಳ ದುಡಿಮೆಯಷ್ಟು ಖರ್ಚು. ಒಪ್ಪಿಕೊಂಡೆ.

ಮಾರನೇ ದಿನ ಅಚ್ಚು ತೆಗೆಯುವುದಿತ್ತು. ತೊಡೆವರೆಗಿನ ಚಡ್ಡಿ ಹಾಕ್ಕೊಂಡು ಬನ್ನಿ ಅಂದಿದ್ದಳು. ನನ್ನ ಹತ್ತಿರ ಅಂಥದ್ದು ಎಲ್ಲಿಂದ ಬರಬೇಕು? ಉಳಿದುಕೊಂಡಿದ್ದ ನೆಂಟರ ಮನೆಯ ಮಷೀನಿನಲ್ಲಿ, ಹಳೇ ಲಂಗ ಕತ್ತರಿಸಿ ರಾತ್ರಿಯೇ ಹೊಲಿದೆ. ನಲವತ್ತು ದಾಟಿದ ಮೇಲೆ ಮೊದಲ ಚಡ್ಡಿ. ಅವ್ವನನ್ನು, ಡಾಕ್ಟರುಗಳನ್ನು ಬಿಟ್ಟರೆ ನನ್ನ ಎಡಗಾಲನ್ನು ಪೂರ್ತಿ ನೋಡಿದವರು ಯಾರೂ ಇಲ್ಲ. ಒಂದು ಸಲ ಮದುವೆಗೆ ಅಂತ ನನ್ನನ್ನು ನೋಡಲು ಬಂದಾಗ, ಅವರು ಬರುವ ಅರ್ಧ ಗಂಟೆ ಮುಂಚೆಯೇ ನನ್ನನ್ನು ಚಾಪೆಯ ಮೇಲೆ ಕೂರಿಸಿ ಸೆರಗು, ನೆರಿಗೆ ಎಲ್ಲ ಹರಡಿದ್ದರು. ಬ್ರೋಕರು ಆಗಲೇ ಅವರಿಗೆ, ಅಂಗವಿಕಲರನ್ನು ಮದುವೆಯಾದರೆ ಸರ್ಕಾರದಿಂದ 50,000 ರೂಪಾಯಿ ಪ್ರೋತ್ಸಾಹಧನ ಸಿಗುತ್ತದೆ ಅಂತಲೂ ಹೇಳಿದ್ದನಂತೆ. ಗೊತ್ತಾದ ಮೇಲೆ ನಾನೇ ಬೇಡ ಅಂದೆ. ಅವರು ಕೆಟ್ಟವರಿದ್ದರೋ ಇಲ್ಲವೋ ತಿಳಿಯುವಷ್ಟು ತಾಳ್ಮೆ ನನಗಿರಲಿಲ್ಲ.

ಅಚ್ಚಿನ ಕೋಣೆಗೆ ಬಾಗಿಲು ಇತ್ತು, ಪರದೆಯೂ ಇತ್ತು. ಇದನ್ನು ಹೇಳಲೇಬೇಕು. ಆ ಹುಡುಗಿ, ಇನ್ನೊಬ್ಬಳು ಸಹಾಯಕಿ, ನಾನು. ಕಾಲಿಗೆ ತೆಳುವಾದ ಕಾಲುಚೀಲ ತೊಡಿಸಿದರು. ನೀಲಿ ಗುರುತು ಮೂಡುವ ಪೆನ್ಸಿಲಿನಲ್ಲಿ ಮೂಳೆ ಎದ್ದಿರುವ ಕಡೆಯೆಲ್ಲ ಗುರುತು ಹಾಕಿದರು. ಹರಡಿನ ಎರಡು ಬದಿ, ಮಂಡಿಚಿಪ್ಪು, ಮಂಡಿಯ ಕೆಳಗೆ ಹೊರಬದಿಗೆ ಒಂದು ಗುಂಡಿ ಥರದ ಮೂಳೆ. ಅಲ್ಲೆಲ್ಲ ಒತ್ತಬಾರದು. ನಾನು ಸೀಮೆಸುಣ್ಣದಲ್ಲಿ ಡಾರ್ಟ್ ಗುರುತು ಹಾಕುವ ಹಾಗೇ. ಸುತ್ತಳತೆ ಒಂಬತ್ತು ಕಡೆ ತೆಗೆದಳು, ಒಂದೊಂದನ್ನೂ ಎರಡೆರಡು ಸಲ. ನಾನು ಮನಸ್ಸಿನಲ್ಲೇ ಶಹಬ್ಬಾಸ್ ಅಂದೆ. ತೊಡೆಯ ಮೇಲ್ಭಾಗಕ್ಕೆ ಬಂದಾಗ "ಅಕ್ಕ, ಈಗ ಇಲ್ಲಿ ಟೇಪು ಇಡ್ತೀನಿ" ಅಂತ ಹೇಳಿಯೇ ಇಟ್ಟಳು. ಆ ಜಾಗದಲ್ಲಿ ಗಂಡಸರು ಅಳತೆ ತೆಗೆಯಲು ಬಂದಾಗ ಎಷ್ಟು ಹೆಂಗಸರು ಸುಮ್ನೆ ಒಂದು ಇಂಚು ಕೆಳಗಿನ ಅಳತೆಗೇ ಒಪ್ಪಿಕೊಂಡಿರಬಹುದು ಅಂತ ಲೆಕ್ಕ ಹಾಕಿದೆ. ನಾನೇ ಒಬ್ಬಳು.

ಆಮೇಲೆ ಪ್ಲಾಸ್ಟರ್ ಪಟ್ಟಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಪಾದದಿಂದ ಮೇಲಕ್ಕೆ ಸುತ್ತುತ್ತಾ ಬಂದರು. ಮೊದಲು ಚಳಿ. ಸ್ವಲ್ಪ ಹೊತ್ತಿಗೆ ಪ್ಲಾಸ್ಟರ್ ಗಟ್ಟಿಯಾಗುತ್ತಾ ಬಿಸಿಯಾಗುತ್ತದೆ. ನನ್ನ ಎಡಗಾಲು ಯಾವಾಗಲೂ ತಣ್ಣಗೆ. ಪೋಲಿಯೋ ಕಾಲುಗಳೇ ಹಾಗೆ, ರಕ್ತದ ಓಡಾಟ ಕಮ್ಮಿ, ಮಾಗಿಯ ಚಳಿಯಲ್ಲಿ ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗುತ್ತವೆ. ಆ ಕಾಲು ತೊಡೆಯಿಂದ ಬೆರಳಿನವರೆಗೆ ಬೆಚ್ಚಗಾಯಿತು. ನಾನು ಚಾವಣಿ ನೋಡುತ್ತಾ ಮಲಗಿದ್ದೆ. ಸಹಾಯಕಿ "ನೋವಾಗ್ತಿದ್ಯಾ ಅಕ್ಕ?" ಅಂದಳು. ಇಲ್ಲ, ಇನ್ನೂ ಸ್ವಲ್ಪ ಹೊತ್ತು ಇರಲಿ ಅಂದೆ. ಇರಲಿಕ್ಕಾಗುವುದಿಲ್ಲ, ಕೊಯ್ಯಬೇಕು. ಮುಂದೆ ಮೊದಲೇ ಒಂದು ಪಟ್ಟಿ ಇಟ್ಟಿದ್ದರು, ಅದರ ಮೇಲೆ ಚಾಕು ಆಡಿಸಿ ಅಚ್ಚನ್ನು ಬಾಳೆದಿಂಡಿನ ಸಿಪ್ಪೆ ಬಿಡಿಸಿದ ಹಾಗೆ ತೆಗೆದರು.

ಹದಿನೈದು ದಿನ ಬಿಟ್ಟು ಟ್ರಯಲ್‌ಗೆ ಬನ್ನಿ ಅಂದರು. ಹೋದಾಗ ಅರ್ಧ ಗಂಟೆ ಕಾಯಬೇಕಿತ್ತು. ಹಿಂದಿನ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು, ಅವರದೂ ಒಂದು ಕಾಲು ಕೃತಕ, "ಒಳಗೆ ಬಂದು ನೋಡ್ತೀರೇನಮ್ಮ?" ಅಂತ ಕರೆದರು. ಗೋಡೆಯುದ್ದಕ್ಕೂ ಹಲಗೆಯ ಮೇಲೆ ಬಿಳಿ ಕಾಲುಗಳು. ಅಚ್ಚಿನೊಳಗೆ ಪ್ಲಾಸ್ಟರ್ ಸುರಿದು, ನಡುವೆ ಕೊಳವೆ ನೆಟ್ಟು ಮಾಡಿದ ಕಾಲುಗಳು. ಒಂದೊಂದಕ್ಕೂ ಒಂದು ನಂಬರು. ಇದು ನಿಮ್ದು ಅಂತ ತೋರಿಸಿದರು.

ನನ್ನ ಕಾಲನ್ನು ನಾನು ಹಿಂದಿನಿಂದ ನೋಡಿರಲೇ ಇಲ್ಲ. ಯಾರು ತಾನೇ ನೋಡಿರುತ್ತಾರೆ, ಅಲ್ವಾ? ಮೇಲಿನಿಂದ ಬಗ್ಗಿ ನೋಡಿದಾಗ ಅದು ನನಗೆ ಯಾವಾಗಲೂ ಒಂದು ಒಣಗಿದ ಕಡ್ಡಿ. ಅಲ್ಲಿ ಹಲಗೆಯ ಮೇಲೆ ನಿಂತಿದ್ದಾಗ ಅದಕ್ಕೊಂದು ಆಕಾರ ಇತ್ತು. ಮೀನಖಂಡ ಇರಬೇಕಾದ ಕಡೆ ಸಣ್ಣಗೆ ಇಳಿದು, ಹರಡಿನ ಹತ್ತಿರ ಒಳಗೆ ತಿರುಗಿ, ಪಾದ ಪುಟ್ಟದಾಗಿ, ಹತ್ತು ವರ್ಷದ ಹುಡುಗಿಯ ಕಾಲಿನ ಹಾಗಿತ್ತು. ಚೆಂದ ಅಂತ ನಾನು ಹೇಳುತ್ತಿಲ್ಲ. ಆದರೆ ಯಾರಾದರೂ ಗಿರಾಕಿ ಇಂಥ ಕಾಲು ತಂದು ಇದಕ್ಕೊಂದು ಬಟ್ಟೆ ಹೊಲಿದುಕೊಡು ಅಂದರೆ ನಾನು ಯೋಚನೆ ಮಾಡಿ ಚೆನ್ನಾಗಿ ಹೊಲಿಯುತ್ತಿದ್ದೆ, ಬಚ್ಚಿಡುವ ಕಡೆಗೆ ಮೊದಲು ಮನಸ್ಸು ಹೋಗುತ್ತಿರಲಿಲ್ಲ. ಕೈಯಿಂದ ಸವರಿದೆ. ಅದೂ ತಣ್ಣಗಿತ್ತು.

ಆಮೇಲೆ ಇದನ್ನ ಏನ್ ಮಾಡ್ತೀರಿ ಅಂತ ಕೇಳಿದೆ. "ಸ್ವಲ್ಪ ದಿನ ಇಟ್ಟಿರ್ತೀವಿ, ಆಮೇಲೆ ಒಡೆದು ಹಾಕ್ತೀವಿ, ಜಾಗ ಬೇಕಲ್ಲ" ಅಂದರು.

ಬೇರೆ ಯಾರದೋ ಕಾಲಿಗೆ ಪ್ಲಾಸ್ಟಿಕ್ ಎಳೆಯುವುದನ್ನೂ ಅವತ್ತು ನೋಡಿದೆ. ಹಾಲಿನಂತೆ ಬೆಳ್ಳಗಿರುವ ಹಾಳೆ ಒಲೆಯೊಳಗೆ ಕಾದಾಗ ಗಾಜಿನ ಹಾಗೆ ಪಾರದರ್ಶಕವಾಗುತ್ತದೆ. ಇಬ್ಬರು ಕೈಗವಸು ಹಾಕಿ ಅದನ್ನು ಎತ್ತಿ ತಂದು, ದೋಸೆ ಮಗುಚಿದಷ್ಟು ಬೇಗ ಬಿಳಿ ಕಾಲಿನ ಮೇಲೆ ಹೊದಿಸಿದರು. ಪಂಪು ಗಾಳಿ ಎಳೆದಾಗ ಮೈಗೆ ಅಂಟಿಕೊಂಡಿತು. ತಣಿಯುತ್ತಾ ಮತ್ತೆ ಬೆಳ್ಳಗಾಯಿತು. ಅಣ್ಣನ ಮಗಳು ವಿಡಿಯೋ ಮಾಡಿಕೊಂಡಳು.

ಬಣ್ಣದ ವಿಷಯಕ್ಕೆ ನಮ್ಮಿಬ್ಬರಿಗೂ ಸಣ್ಣ ಜಗಳವೇ ಆಗಿತ್ತು. ಹೂವಿನ ಚಿತ್ತಾರ ಮೂಡಿಸಬಹುದು, ಮಕ್ಕಳಿಗೆ ಹಾಗೆ ಮಾಡುತ್ತಾರೆ ಅಂತ ಗೊತ್ತಾಗಿದ್ದೇ ಅಣ್ಣನ ಮಗಳು ಹಟ ಹಿಡಿದಳು. ಮುಚ್ಚಿಡೋದು ಯಾಕತ್ತೆ, ಬೇಕಂತ ತೋರ್ಸು ಅಂದಳು. ಚರ್ಮದ ಬಣ್ಣ ಅಂತ ಇನ್ನೊಂದಿತ್ತು, ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲದ ಚರ್ಮದ ಬಣ್ಣ. ನಾನು ಕಪ್ಪು ಹೇಳಿದೆ. ಮಷೀನ್ ಎಣ್ಣೆ ಕೈಯಲ್ಲಿರುತ್ತದೆ, ದಿನಕ್ಕೆ ಹತ್ತು ಸಲ ಲಾಕ್ ಮುಟ್ಟುತ್ತೇನೆ. ಕಪ್ಪಿನ ಮೇಲೆ ಕಲೆ ಕಾಣಿಸುವುದಿಲ್ಲ. ತೋರಿಸುವುದೂ ಬೇಡ, ಮುಚ್ಚುವುದೂ ಬೇಡ, ಒರೆಸಿದರೆ ಹೋಗಬೇಕು. 2001ರಲ್ಲಿ ಮಾಲತಿ ಹೊಳ್ಳ ಅವರಿಗೆ ಪದ್ಮಶ್ರೀ ಬಂದಾಗ ಅಪ್ಪ ಪೇಪರ್ ಕಟಿಂಗ್ ತಂದು ನನ್ನ ಮಷೀನಿನ ಎದುರಿನ ಗೋಡೆಗೆ ಅಂಟಿಸಿದ್ದರು. ಅವರಿಗೂ ಪೋಲಿಯೋ, ವೀಲ್‌ಚೇರಿನಲ್ಲಿ ಕೂತು ಗುಂಡು, ಭರ್ಜಿ ಎಸೆದು ರಾಶಿ ಪದಕ ತಂದವರು. ದೊಡ್ಡವರು. ನಾನೂ ಕೈ ಮುಗಿಯುತ್ತೇನೆ. ಆದರೆ ಎದುರಿಗೆ ನೋಡಿದಾಗಲೆಲ್ಲ ನನಗೆ ಉತ್ಸಾಹಕ್ಕಿಂತ ಸುಸ್ತಾಗುತ್ತಿದ್ದುದೇ ಜಾಸ್ತಿ. ಅಪ್ಪನಿಗೆ ಅದನ್ನು ಹೇಳಲಿಲ್ಲ.

ಟ್ರಯಲ್‌ನಲ್ಲಿ ಎರಡು ಕಂಬಿಗಳ ನಡುವೆ ನಿಲ್ಲಿಸಿದರು. ಲಾಕ್ ಬಿದ್ದ ಸದ್ದು ಎಷ್ಟು ಸಣ್ಣದೆಂದರೆ ನಾನು ನಂಬಲಿಲ್ಲ, ಬಗ್ಗಿ ಮುಟ್ಟಿ ನೋಡಿದೆ. ನಾಲ್ಕು ಹೆಜ್ಜೆ ಹಾಕಿದೆ. ಹಳೆಯದರ ಭಾರಕ್ಕೆ ಸೊಂಟದಿಂದ ಎಸೆದು ನಡೆಯುವ ಅಭ್ಯಾಸ, ಇದರಲ್ಲಿ ಹಾಗೇ ಎಸೆದೆ, ಕಾಲು ಎಲ್ಲಿಗೋ ಹೋಯಿತು. ಹುಡುಗಿ ನಕ್ಕಳು, ನಾನೂ ನಕ್ಕೆ. ಬಿಚ್ಚಿದಾಗ ಒಳಹರಡಿನಲ್ಲಿ ಕೆಂಪು ಕಲೆ. ಇಪ್ಪತ್ತು ನಿಮಿಷ ಕಾಯೋಣ, ತಾನಾಗೇ ಹೋದರೆ ಸರಿ, ಉಳಿದರೆ ಒತ್ತುತ್ತಿದೆ ಅಂತ ಅರ್ಥ ಅಂದಳು. ಉಳಿಯಿತು. ಬಿಸಿಗಾಳಿ ಊದಿ ಅಷ್ಟು ಜಾಗವನ್ನು ಹೊರಕ್ಕೆ ಉಬ್ಬಿಸಿದಳು. ಮತ್ತೆ ಹಾಕಿದೆ, ಮತ್ತೆ ಬಿಚ್ಚಿದೆ. ಮೂರನೇ ಸಲಕ್ಕೆ ಕಲೆ ಮಾಯವಾಯಿತು. ಎಡಗಾಲು ಮೂರು ಸೆಂಟಿಮೀಟರ್ ಗಿಡ್ಡ, ಅದಕ್ಕೆ ಚಪ್ಪಲಿಯ ಕೆಳಗೆ ಅಟ್ಟೆ ಕೊಡಬೇಕು. ಮೊದಲ ದಿನ ಒಂದೇ ಗಂಟೆ ಹಾಕಿ, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ ಅಂದಳು. ನನಗೊಂದೇ ತಕರಾರು. ವೆಲ್ಕ್ರೋ ಬೆಲ್ಟಿನ ಹೊಲಿಗೆ ಕಳಪೆ, ಒಂದೇ ಸಾಲು ಹಾಕಿದ್ದರು. ಅದನ್ನು ಬಾಯಿಬಿಟ್ಟು ಹೇಳಿದೆ. ಊರಿಗೆ ಬಂದು ಎಲ್ಲ ಬಿಚ್ಚಿ ನೈಲಾನ್ ದಾರದಲ್ಲಿ ಚೌಕ ಹೊಲಿಗೆ ಹಾಕಿದೆ. ಫೋಟೋ ಕಳಿಸಿದರೆ ಆ ಹುಡುಗಿ, ಇನ್ಮೇಲೆ ನಾವೂ ಹೀಗೇ ಹೊಲಿಸ್ತೀವಿ ಅಂತ ಬರೆದಳು.

ಇನ್ನೊಂದು ಲಾಭವನ್ನು ಯಾರೂ ಮೊದಲೇ ಹೇಳಿರಲಿಲ್ಲ. ನನ್ನ ಬಲಪಾದಕ್ಕೆ ಆರು ನಂಬರ್, ಎಡಕ್ಕೆ ನಾಲ್ಕು. ಬಲಗಾಲಿನ ಚಪ್ಪಲಿ ಸವೆದಾಗಲೆಲ್ಲ ಅದೊಂದಕ್ಕೇ ಅಂತ ಒಂದು ಜೊತೆ ಪೂರ್ತಿ ಕೊಳ್ಳುತ್ತಿದ್ದೆ. ಎಡಗಾಲಿನ ಹೊಸ ಚಪ್ಪಲಿಗಳು ಅಟ್ಟದ ಮೇಲೆ ಒಂದು ಚೀಲ ಇವೆ. ಪ್ಲಾಸ್ಟಿಕ್ ಸೇರಿ ಈಗ ಎಡಗಾಲೂ ಆರಕ್ಕೇ ಕೂರುತ್ತದೆ. ಚಪ್ಪಲಿ ಅಂಗಡಿಯಲ್ಲಿ ಒಂದು ಜೊತೆ ಕೊಂಡು, ಎರಡನ್ನೂ ಹಾಕಿಕೊಂಡು ಹೊರಗೆ ಬಂದೆ. ಎಡದ್ದಕ್ಕೆ ಅಟ್ಟೆ ಹಾಕಿಸಲು ಚಮ್ಮಾರರ ಹತ್ತಿರ ಹೋದಾಗ, ಬಲದ್ದೂ ಬಿಚ್ಚಿ ಪಕ್ಕದಲ್ಲಿಟ್ಟು ಸುಮ್ನೆ ನೋಡಿದೆ.

ಮನೆಯಲ್ಲಿ ಶುರುವಾಯಿತು. ಹೊಸದನ್ನು ಹಾಕಿಕೊಂಡು, ಚಪ್ಪಲಿ ಹೊಸ್ತಿಲಲ್ಲಿ ಬಿಟ್ಟು, ನೇರ ಅಡುಗೆಮನೆಗೆ ನಡೆದೆ. ಮಜ್ಜಿಗೆ ಕಡೆಯುತ್ತಿದ್ದ ಅವ್ವ ಬೆಚ್ಚಿಬಿದ್ದಳು. ಇಷ್ಟು ವರ್ಷ ಹೊಸ್ತಿಲಲ್ಲಿ ಕಬ್ಬಿಣ ಬಿಚ್ಚಿಡುವ ಸದ್ದು ಕೇಳಿದ ಮೇಲೇ ನಾನು ಒಳಗೆ ಬರುವುದು.

"ಅದುನ್ನ ಮೆಟ್ಕಂಡು ಒಲೆ ಹತ್ರಕ್ ಬಂದಿದ್ಯಲ್ಲೇ!"

"ಚಪ್ಲಿ ಅಲ್ಲ ಕಣವ್ವ, ಕಾಲಿದು."

"ಕಾಲ್ನ ಯಾರಾದ್ರೂ ಬೆಲ್ಟ್ ಹಾಕಿ ಕಟ್ಕಂತಾರಾ?"

ವಾದ ಎರಡು ದಿನ ನಡೆಯಿತು. ಅದರ ತಳ ಬೀದಿಯನ್ನು ಮುಟ್ಟುವುದೇ ಇಲ್ಲ, ಚಪ್ಪಲಿಯ ಒಳಗೇ ಇರುತ್ತದೆ ಅಂತ ನಾನು. ಹೊಸ್ತಿಲು ದಾಟಿ ಬಂದದ್ದೆಲ್ಲ ಬೀದಿಯದ್ದೇ ಅಂತ ಅವಳು. ಮೂರನೇ ದಿನ ನೋಡಿದರೆ ಬಾಗಿಲ ಪಕ್ಕ ಒಂದು ಸಣ್ಣ ಬೋಗುಣಿಯಲ್ಲಿ ನೀರು, ಮಡಚಿಟ್ಟ ಬಟ್ಟೆ. ತಳ ಒರೆಸಿಕೊಂಡು ಒಳಗೆ ಬರಬೇಕಂತೆ. ಅವತ್ತು ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ನಾನು ಇಳಿಸಿದೆ. ಅವ್ವ ಹಿಂದೆಯೇ ನಿಂತಿದ್ದಳು, ಇಕ್ಕಳ ಕೈಯಲ್ಲಿ ಹಿಡಿದುಕೊಂಡು, ಬಿದ್ದರೆ ಹಿಡಿಯುವವಳ ಹಾಗೆ. ಅವಳಿಗೆ ಎಪ್ಪತ್ತು, ಹಿಡಿಯುವುದೇನು ಬಂತು.

ದೇವರ ಕೋಣೆಯ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಗೌರಿ ಹಬ್ಬಕ್ಕೆ ಇನ್ನು ಒಂಬತ್ತು ದಿನ ಇದೆ. ಅವ್ವ ಪುರೋಹಿತರನ್ನು ಕೇಳುತ್ತಾಳಂತೆ. ಅವರು ಏನಾದರೂ ಹೇಳಲಿ, ಅವರ ಮಗಳ ಮೂರು ಬ್ಲೌಸ್ ನನ್ನ ಹತ್ತಿರವೇ ಇವೆ.